ಕಕ್ಕಡದಲ್ಲಿ ಕಡಲು

ನಮ್ಮ ಮನೆಯ ಒಲೆಕೋಣೆಗೆ ಹೊಂದಿಕೊಂಡ ಓಣಿಯ ಗೋಡೆಯಲ್ಲಿ ಮೂರು ಮೊಳೆಗಳಿವೆ. ಒಂದಕ್ಕೆ ತೋಟಕ್ಕೆ ಹೋಗುವಾಗಿನ ರೈನ್‌ಕೋಟು, ಇನ್ನೊಂದಕ್ಕೆ ಕತ್ತಿಯ ಒರೆ, ಮೂರನೆಯದಕ್ಕೆ ನನ್ನ ವೆಟ್‌ಸೂಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅಲ್ಲೇ, ತಲೆಯಿಲ್ಲದ ಮನುಷ್ಯನ ಹಾಗೆ ಕೈ ಇಳಿಬಿಟ್ಟುಕೊಂಡು ನೇತಾಡುತ್ತಿರುತ್ತದೆ. ಮುಸ್ಸಂಜೆ ಕರೆಂಟು ಹೋದಾಗ ಎರಡು ಸಲ ಬೆಚ್ಚಿಬಿದ್ದ ಮನೆಗೆಲಸದ ಅಕ್ಕ ಅದರ ಮೇಲೊಂದು ಹಳೆಯ ಸೀರೆ ಹೊದಿಸಿದ್ದಾರೆ. ಈಗ ಅದು ಸೀರೆಯುಟ್ಟ ತಲೆಯಿಲ್ಲದ ಮನುಷ್ಯ. ಬೇರೆ ಕೋಣೆಯಲ್ಲಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಒಲೆಗೆ ತೀರಾ ಹತ್ತಿರ ತಂದರೆ ಕಾವಿಗೆ ರಬ್ಬರು ಬಿರಿಯುತ್ತದೆ. ಈ ಓಣಿಯಲ್ಲಿ ಆ ಎರಡು ಭಯವೂ ಇಲ್ಲ. ಹೊಗೆ ಮಾತ್ರ ಇದೆ.

ಕೊಡಗಿನಲ್ಲಿದ್ದುಕೊಂಡು ಸ್ಕೂಬಾ ಡೈವಿಂಗ್ ಮಾಡುತ್ತೇನೆ ಎಂದರೆ ಜನ ಒಂದು ನಿಮಿಷ ಸುಮ್ಮನಾಗುತ್ತಾರೆ. ಇಲ್ಲಿ 'ಮುಳುಗಿದ' ಎಂಬ ಮಾತಿಗೆ ಒಂದೇ ಅರ್ಥ. ಚೇಲಾವರ ಜಲಪಾತದಲ್ಲೋ ಹಾರಂಗಿ ಜಲಾಶಯದಲ್ಲೋ ಯಾರೋ ಪ್ರವಾಸಿ ಹೋದ, ಪೊಲೀಸರು ಬಂದರು, ಈಜು ಬಲ್ಲ ಹುಡುಗರನ್ನು ಕರೆಸಿದರು. ಹಾಗಾಗಿ 'ದುಡ್ಡು ಕೊಟ್ಟು ಮುಳುಗುವುದಾ?' ಎಂದು ನಮ್ಮ ಅಜ್ಜಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ಬಂದ ಮೇಲೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. 'ಅಪ್ಪು ಹೋದರಲ್ಲ, ಆ ನೇತ್ರಾಣಿಗೇ ಹೋಗುವುದು' ಅಂದರೆ ಸಾಕು, ಮುಂದಿನ ಪ್ರಶ್ನೆಗಳು ಮೀನಿನ ಬಗ್ಗೆ ಇರುತ್ತವೆ.

ನೇತ್ರಾಣಿ ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ದ್ವೀಪ. ಅಕ್ಟೋಬರ್ ಸುಮಾರಿಗೆ ಅಲ್ಲಿ ದೋಣಿ ಹೊರಡುತ್ತದೆ, ಮೇ ಕೊನೆಗೆ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೂ ನಿಷೇಧ. ಕಡಲು ಕೆಂಪಾಗಿ ಕುದಿಯುವ ಆ ಹೊತ್ತಿಗೆ ಇತ್ತ ಘಟ್ಟದ ಮೇಲೆ ಕಡಲೇ ಆಕಾಶದಿಂದ ಬೀಳುತ್ತಿರುತ್ತದೆ. ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ, ಭಾಗಮಂಡಲದ ಕಡೆಗೆ ಇನ್ನೂ ಬಹಳ ಹೆಚ್ಚು. ಮೇಲೇರುವಾಗ ಡೈವರ್‌ಗಳು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರುವ ರೂಢಿಯಿದೆ. ಭಾಗಮಂಡಲದಲ್ಲಿ ಒಂದು ವರ್ಷ ಬಿದ್ದ ಮಳೆ ಹರಿದುಹೋಗದೆ ನಿಂತರೆ ನಾನು ಸರಿಸುಮಾರು ಆ ಆಳದಲ್ಲೇ ಕುಳಿತಿರುತ್ತೇನೆ, ಮೂರು ನಿಮಿಷದ ಬದಲು ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ಮಾಡುವುದು ಓದುವ ಕೆಲಸ.

ಮಳೆಗಾಲದ ಓದಿಗೆ ಅದರದೇ ಕಷ್ಟಗಳಿವೆ. ನಮ್ಮ ಜಡಿಮಳೆಯ ತಿಂಗಳು ಕಕ್ಕಡ ಹಿಡಿಯಿತೆಂದರೆ ಹಾಳೆಗಳು ನೀರು ಕುಡಿದು ದಪ್ಪಗಾಗುತ್ತವೆ, ಅಂಟು ಬಿಡುತ್ತದೆ, ರಟ್ಟಿನ ಮೇಲೆ ಬಿಳಿಯ ಹೂವರಳುತ್ತದೆ. ಬೆಳ್ಳಿಹುಳುಗಳಿಗೆ ಹಳೆಯ ಬೈಂಡಿನ ಗೋಂದೆಂದರೆ ನಮಗೆ ಕಕ್ಕಡ ಹದಿನೆಂಟರಂದು ಮಾಡುವ ಮದ್ದುಪಾಯಸವಿದ್ದಂತೆ. ಓದಿದ ಪುಸ್ತಕವನ್ನು ರಾತ್ರಿ ಬೂದಿಯ ಕಾವಿಗೆ ಒಂದಿಷ್ಟು ದೂರ ನಿಲ್ಲಿಸಿ ಮಲಗಬೇಕು. ಹಾಗಾಗಿ ನನ್ನ ಕಡಲ ಪುಸ್ತಕಗಳೆಲ್ಲ ಕಾಫಿತೋಟದ ಪುಸ್ತಕಗಳಂತೆ ಕಂದಿವೆ.

ಮೊದಲು ತೆಗೆಯುವುದು ಕತೆ-ಕಾದಂಬರಿ ಅಲ್ಲ, ತರಬೇತಿಯ ಕೈಪಿಡಿ. ಅದಕ್ಕೆ ಕಾರಣ ನನ್ನದೇ ದಡ್ಡತನ. ಕಲಿತ ಮೊದಲ ವರ್ಷ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಮಧ್ಯಾಹ್ನ ಊಟ ಮಾಡಿ, ಆವತ್ತೇ ಕಾರು ಹತ್ತಿದೆ. ಮಂಗಳೂರಿನಲ್ಲಿ ಒಂದು ಪ್ಯಾಕೆಟ್ ಬಾಳೆಕಾಯಿ ಚಿಪ್ಸ್ ಕೊಂಡು ಪಕ್ಕದ ಸೀಟಿನಲ್ಲಿಟ್ಟೆ. ಸುಳ್ಯ ದಾಟಿತು, ಸಂಪಾಜೆ ದಾಟಿತು, ತಿರುವುಗಳು ಶುರುವಾದವು. ರಾತ್ರಿ ಮಡಿಕೇರಿ ತಲುಪಿ ನೋಡಿದರೆ ಪ್ಯಾಕೆಟ್ಟು ದಿಂಬಿನಂತೆ ಉಬ್ಬಿ ಕೂತಿದೆ. ನಗು ಬಂತು. ಆಮೇಲೆ ಎಡಗೈ ಹೆಬ್ಬೆರಳಿನ ಬುಡದಲ್ಲಿ ಜುಮ್ಮೆನ್ನುತ್ತಿರುವುದು ಗಮನಕ್ಕೆ ಬಂತು, ನಗು ನಿಂತಿತು. ಸ್ಟಿಯರಿಂಗ್ ಬಿಗಿಯಾಗಿ ಹಿಡಿದದ್ದಕ್ಕೋ ಏನೋ, ಬೆಳಗಿನ ಹೊತ್ತಿಗೆ ಸರಿಹೋಯಿತು. ಕೈಪಿಡಿ ತೆಗೆದರೆ, ನಾನು ಹಾರಿಸಿ ಓದಿದ್ದ ಪುಟದಲ್ಲೇ ಎಲ್ಲ ಇದೆ.

ಆ ಪುಟದ ಸಾರ ಇಷ್ಟು. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೂ ಗಂಟೆಗಟ್ಟಲೆ ನಿಧಾನವಾಗಿ ಹೊರಬೀಳುತ್ತಿರುತ್ತದೆ. ಆ ಹೊತ್ತಿನಲ್ಲಿ ಬೆಟ್ಟ ಹತ್ತಿದರೆ ಹೊರಗಿನ ಒತ್ತಡ ಇನ್ನೂ ಇಳಿದು, ಸೋಡಾ ಬಾಟಲಿ ಬಿರಡೆ ತೆಗೆದಂತೆ ಒಳಗೆ ಗುಳ್ಳೆ ಏಳಬಹುದು. ಒಂದು ಡೈವ್ ಮಾಡಿದವರು 12 ಗಂಟೆ, ಹೆಚ್ಚು ಮಾಡಿದವರು 18 ಗಂಟೆ ವಿಮಾನ ಹತ್ತಬೇಡಿ ಎನ್ನುವ ಸಲಹೆ ಇದಕ್ಕೇ. ವಿಮಾನ ಅಂತ ಓದಿ 'ನಮಗೆ ಸಂಬಂಧವಿಲ್ಲ' ಅಂದುಕೊಂಡಿದ್ದೆ. ಆದರೆ ಆ ಸಲಹೆ ಅನ್ವಯವಾಗುವುದು ಸುಮಾರು 600 ಮೀಟರಿನಿಂದ ಮೇಲಕ್ಕೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಕೊಡಗಿನ ಡೈವರ್‌ಗೆ ಸ್ವಂತ ಮನೆಯೇ ವಿಮಾನ. ಅಂದಿನಿಂದ ಡೈವ್ ಮುಗಿದ ರಾತ್ರಿ ಕರಾವಳಿಯಲ್ಲೇ ತಂಗುತ್ತೇನೆ, ಪ್ರತಿ ಜೂನ್‌ನಲ್ಲಿ ಆ ಪುಟ ಮತ್ತೆ ಓದುತ್ತೇನೆ.

ಈ ಲೆಕ್ಕಗಳ ಹುಟ್ಟು ತಿಳಿಯಬೇಕಾದರೆ ಜೆ.ಎಸ್. ಹಾಲ್ಡೇನ್ ಮತ್ತು ಸಂಗಡಿಗರು 1908ರಲ್ಲಿ ಪ್ರಕಟಿಸಿದ ಪ್ರಬಂಧ ಓದಬೇಕು. ವಿಜ್ಞಾನದ ಬರಹವಾದರೂ ಒಗಟಿನ ಕತೆಯ ಹಾಗೆ ಓದಿಸಿಕೊಳ್ಳುತ್ತದೆ, ಏಕೆಂದರೆ ಅದರ ಪಾತ್ರಗಳು ಆಡುಗಳು. ಉಕ್ಕಿನ ಕೋಣೆಯೊಳಗೆ ಆಡುಗಳನ್ನು ಕೂಡಿ, ಒತ್ತಡ ಏರಿಸಿ, ಬೇರೆ ಬೇರೆ ವೇಗದಲ್ಲಿ ಇಳಿಸಿ ನೋಡಿದರು. ಗುಳ್ಳೆ ಕಟ್ಟಿದ ಆಡು ಮುಂಗಾಲನ್ನು ನೆಲಕ್ಕೂರದೆ ಎತ್ತಿಕೊಂಡು ನಿಲ್ಲುತ್ತಿತ್ತು. ಜಗತ್ತಿನ ಡೈವಿಂಗ್ ಕೋಷ್ಟಕಗಳೆಲ್ಲ ಆ ಎತ್ತಿದ ಕಾಲಿನ ಋಣದಲ್ಲಿವೆ. ನೇತ್ರಾಣಿಯಲ್ಲೂ ಆಡುಗಳಿವೆ! ಮೀನುಗಾರರು ಹರಕೆ ಹೊತ್ತು ದ್ವೀಪದಲ್ಲಿ ಬಿಟ್ಟು ಬಂದ ಆಡುಗಳ ಸಂತತಿ. ದೋಣಿಯಿಂದ ನೋಡಿದರೆ ಬಂಡೆಯ ಮೇಲೆ ಕಾಣಿಸುತ್ತವೆ. ನಾಲ್ಕೂ ಕಾಲು ಊರಿಕೊಂಡಿವೆಯಲ್ಲ ಎಂದು ಒಮ್ಮೆ ಖಾತ್ರಿ ಮಾಡಿಕೊಂಡೇ ನಾನು ನೀರಿಗೆ ಬೀಳುವುದು.

ಜುಲೈಯಲ್ಲಿ ಮಳೆ ಬಿರುಸಾದಾಗ ಹೆದರಿಸುವ ಪುಸ್ತಕಗಳಿಗೆ ಹೊತ್ತು. ರಾಬರ್ಟ್ ಕರ್ಸನ್‌ನ 'ಶ್ಯಾಡೋ ಡೈವರ್ಸ್' (2004) ಅವುಗಳಲ್ಲಿ ಮೇಲು. ಅಮೆರಿಕದ ನ್ಯೂಜೆರ್ಸಿ ತೀರದಾಚೆ, ಸುಮಾರು 70 ಮೀಟರ್ ಆಳದಲ್ಲಿ 1991ರಲ್ಲಿ ಸಿಕ್ಕಿದ ಜರ್ಮನ್ ಜಲಾಂತರ್ಗಾಮಿ ಯಾವುದೆಂದು ಪತ್ತೆ ಹಚ್ಚಲು ಇಬ್ಬರು ಡೈವರ್‌ಗಳು ವರ್ಷಗಟ್ಟಲೆ ಹೆಣಗಿದ ಕತೆ. ಕೊನೆಗೆ ಯು-869 ಎಂದು ಗೊತ್ತಾಗುವ ಹೊತ್ತಿಗೆ ಆ ಹಡಗು ಮೂವರು ಡೈವರ್‌ಗಳ ಜೀವ ತೆಗೆದುಕೊಂಡಿತ್ತು. ಅವರಲ್ಲಿ ಇಬ್ಬರು ತಂದೆ ಮತ್ತು ಮಗ. ಅವರಿಬ್ಬರ ಕೊನೆಯ ದಿನದ ಬಗ್ಗೆ ಬರ್ನಿ ಚೌಧರಿ ಬರೆದ 'ದ ಲಾಸ್ಟ್ ಡೈವ್' ಬೇರೆಯೇ ಇದೆ. ಕರ್ಸನ್ ಓದಿದವನಿಗೆ ಹಡಗಿನ ಒಳಕ್ಕೆ ನುಗ್ಗಬೇಕೆನಿಸುತ್ತದೆ. ಚೌಧರಿಯನ್ನು ಓದಿದವನು ಗಾಳಿ ಅರ್ಧ ಇರುವಾಗಲೇ ಮೇಲೆ ಬರುತ್ತಾನೆ. ಹೊಸಬರಿಗೆ ನಾನು ಎರಡನೆಯದನ್ನೇ ಕೊಡುವುದು.

ನೀರಿನ ಭಯಕ್ಕೆ ಕೊಡಗು ಬಿಟ್ಟು ಹೋಗಬೇಕಾಗಿಯೂ ಇಲ್ಲ. ಕೊಡಗಿನ ಗೌರಮ್ಮನ 'ಕಂಬನಿ', 'ಚಿಗುರು' ಸಂಕಲನಗಳು ಓಣಿಯಾಚೆಯ ಕಪಾಟಿನಲ್ಲಿವೆ. 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ಟೆನಿಸ್ ಆಡುತ್ತಿದ್ದ, ಹೊಳೆಯಲ್ಲಿ ಈಜುತ್ತಿದ್ದ ಆಕೆ 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರಿನ ಪಾಲಾದಾಗ ವಯಸ್ಸು 27. ಕತೆಗಳಲ್ಲಿ ಡೈವಿಂಗಿಗೆ ಸಂಬಂಧಪಟ್ಟದ್ದು ಏನೂ ಇಲ್ಲ. ಆದರೂ ಈ ತಿಂಗಳಲ್ಲಿ ಅವನ್ನು ಕೈಗೆತ್ತಿಕೊಳ್ಳುತ್ತೇನೆ. ಆ ಕಾಲದಲ್ಲಿ, ಈ ಊರಿನಲ್ಲಿ, ಒಬ್ಬ ಹೆಂಗಸು ಖುಷಿಗೆಂದು ಹೊಳೆಗಿಳಿಯುತ್ತಿದ್ದಳಲ್ಲ ಎಂಬುದು ಭಯಕ್ಕಿಂತ ಹೆಚ್ಚಾಗಿ ತಟ್ಟುತ್ತದೆ.

ಎಲ್ಲರೂ ಮೊದಲು ಹೇಳುವ ಪುಸ್ತಕ ಜಾಕ್ ಕುಸ್ತೋ ಬರೆದ 'ದ ಸೈಲೆಂಟ್ ವರ್ಲ್ಡ್' (1953). ಇಂದು ನಾವು ಬಾಯಿಗಿಟ್ಟುಕೊಳ್ಳುವ ಉಸಿರಾಟದ ಉಪಕರಣದ ಮೂಲರೂಪವನ್ನು 1943ರಲ್ಲಿ ಎಮಿಲ್ ಗ್ಯಾನ್ಯಾನ್ ಎಂಬ ಎಂಜಿನಿಯರನೊಡನೆ ಸೇರಿ ಮಾಡಿದವನು ಕುಸ್ತೋ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಗ್ಯಾಸಿನಲ್ಲಿ ಕಾರು ಓಡಿಸಲು ಮಾಡಿದ ಕವಾಟವೇ ಅದಕ್ಕೆ ಆಧಾರ. ಆಳದಲ್ಲಿ ಸಾರಜನಕ ತಲೆಗೇರಿಸುವ ಅಮಲಿನ ಬಗ್ಗೆ ಅವನು ಬರೆದದ್ದು ಅಮಲಿನ ವಿಷಯ ಬಲ್ಲ ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅವನ ಗೆಳೆಯ ಮೋರಿಸ್ ಫಾರ್ಗ್ 1947ರಲ್ಲಿ ಹಗ್ಗ ಹಿಡಿದು ಇಳಿದ. ಅವನನ್ನು ಎಳೆದು ಮೇಲೆ ತಂದಾಗ ಜೀವವಿರಲಿಲ್ಲ. ಹಗ್ಗಕ್ಕೆ ಕಟ್ಟಿದ್ದ, ಸುಮಾರು 120 ಮೀಟರ್ ಆಳದ ಹಲಗೆಯ ಮೇಲೆ ಅವನ ಸಹಿ ಇತ್ತು. ಈ ಒಂದು ಸಂಗತಿಗಾಗಿ ಪುಸ್ತಕವನ್ನು ಓದಬೇಕು. ಅದೇ ಹೆಸರಿನ 1956ರ ಸಿನಿಮಾ ಕಾನ್‌ನಲ್ಲಿ ದೊಡ್ಡ ಪ್ರಶಸ್ತಿ ಗೆದ್ದದ್ದು ನಿಜ, ಆದರೆ ಅದರಲ್ಲಿ ಹವಳದ ದಿಬ್ಬಕ್ಕೆ ಡೈನಮೈಟ್ ಇಟ್ಟು ಮೀನು ಎಣಿಸುತ್ತಾರೆ, ಶಾರ್ಕ್‌ಗಳನ್ನು ಕೊಚ್ಚುತ್ತಾರೆ. ನನಗೆ ಎರಡನೆಯ ಸಲ ನೋಡಲಾಗಲಿಲ್ಲ.

ಕುಸ್ತೋಗಿಂತ ಬಹಳ ಹಿಂದೆ, 1870ರ ಹೊತ್ತಿಗೇ ಜೂಲ್ ವರ್ನ್ ಕಡಲಡಿಯ ಕಾದಂಬರಿ ಬರೆದಾಗಿತ್ತು. ಕ್ಯಾಪ್ಟನ್ ನೆಮೋ ಯಾರೆಂದು ಅದರಲ್ಲಿ ಹೇಳುವುದಿಲ್ಲ. 'ದ ಮಿಸ್ಟೀರಿಯಸ್ ಐಲ್ಯಾಂಡ್' ಎಂಬ ಮುಂದಿನ ಕಾದಂಬರಿಯಲ್ಲಿ ಗುಟ್ಟು ಒಡೆಯುತ್ತದೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ! ಈ ಮಾಹಿತಿಯನ್ನು ಕೊಡಗಿನಲ್ಲಿ ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಎಂಬ ವಿವೇಕ ನನಗಿದೆ. ಕ್ಲಬ್ಬಿನಲ್ಲಿ ಒಮ್ಮೆ ಹೇಳಿ ಪಟ್ಟ ಪಾಡು ಸಾಕು.

ಇನ್ನು ರನ್ನ. ನಗಬೇಡಿ. ಕನ್ನಡದಲ್ಲಿ ನೀರಿನೊಳಗೆ ಇಳಿದು ಕುಳಿತವನ ಬಗ್ಗೆ ಬರೆದ ದೊಡ್ಡ ಪುಸ್ತಕ 'ಗದಾಯುದ್ಧ'ವೇ. ಸಾವಿರ ವರ್ಷದ ಹಿಂದೆ ಬರೆದ ಆ ಕಾವ್ಯದಲ್ಲಿ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗುತ್ತಾನೆ, ದಡದಲ್ಲಿ ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುತ್ತಾನೆ. ಕಾಲೇಜಿನಲ್ಲಿ ಇದನ್ನು ಅಲಂಕಾರವೆಂದು ಬಾಯಿಪಾಠ ಮಾಡಿಸಿದ್ದರು. ನೇತ್ರಾಣಿಯಲ್ಲಿ ಪ್ರವಾಹ ಎಳೆದುಕೊಂಡು ಹೋಗುವಾಗ ಬಂಡೆ ಹಿಡಿದು ಹೆಣಗಿದ ಮೇಲೆ ಗೊತ್ತಾಯಿತು, ನೀರೊಳಗೂ ಮನುಷ್ಯ ಬೆವರುತ್ತಾನೆ. ದಡದ ಸದ್ದು ಒಳಗೆ ಕೇಳಿದರೆ ಅದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ ಎಂಬುದೂ ನಿಜ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ಎರಡು ಕಿವಿಗಳ ನಡುವಿನ ವ್ಯತ್ಯಾಸ ಮಿದುಳಿಗೆ ಸಿಗುವುದಿಲ್ಲ. ದುರ್ಯೋಧನನಿಗೆ ಭೀಮ ಸುತ್ತಲೂ ಇದ್ದಂತೆ ಕೇಳಿಸಿರಬೇಕು.

ಆದರೆ ಒಂದೇ ಪುಸ್ತಕ ಹೇಳಿ ಎಂದು ಯಾರಾದರೂ ಕತ್ತು ಹಿಡಿದರೆ ನಾನು ಹೇಳುವುದು ರೇಚಲ್ ಕಾರ್ಸನ್ 1951ರಲ್ಲಿ ಬರೆದ 'ದ ಸೀ ಅರೌಂಡ್ ಅಸ್'. ಇದನ್ನು ಕನ್ನಡಕ್ಕೆ ತಂದವರು ಶಿವರಾಮ ಕಾರಂತರು, 'ನಮ್ಮ ಸುತ್ತಲಿನ ಕಡಲು' ಎಂದು. ತಮಾಷೆಯೆಂದರೆ ಕಾರ್ಸನ್ ಡೈವರ್ ಅಲ್ಲ. 1949ರಲ್ಲಿ ಫ್ಲಾರಿಡಾದಲ್ಲಿ ಲೋಹದ ಹೆಲ್ಮೆಟ್ ಹೊತ್ತು, ಏಣಿ ಹಿಡಿದು, ಕದಡಿದ ನೀರಿನಲ್ಲಿ ಐದು ಮೀಟರಿನಷ್ಟು ಇಳಿದು ಬಂದದ್ದೇ ಆಕೆಯ ಕಡಲಡಿಯ ಅನುಭವ. ನನ್ನ ಲಾಗ್‌ಬುಕ್ಕು ಆಕೆಯದಕ್ಕಿಂತ ದಪ್ಪವಿದೆ. ಆದರೆ ನಾನು ಇಳಿದ ಕಡಲು ಒಂದು ದ್ವೀಪದ ಸುತ್ತ ಕೆಲವು ಗಜ, ಕಣ್ಣು ಹಾಯುವಷ್ಟು ದೂರ. ಆಕೆ ಕುಳಿತಲ್ಲಿಂದ ಕಂಡದ್ದು ಉಬ್ಬರವಿಳಿತಗಳ, ಪ್ರವಾಹಗಳ, ಕೋಟಿ ವರ್ಷಗಳ ಕಡಲು. ಭೂಖಂಡಗಳು ಚಲಿಸುತ್ತವೆ ಎಂಬುದು ವಿಜ್ಞಾನದಲ್ಲಿ ನೆಲೆಗೊಳ್ಳುವ ಮೊದಲು ಬರೆದದ್ದಾದ್ದರಿಂದ ಕೆಲವು ಅಧ್ಯಾಯಗಳು ಹಳತಾಗಿವೆ. ಅವನ್ನು ಹಾಗೆಂದು ತಿಳಿದೇ ಓದಬಹುದು.

ಕೋಟದ ಕಡಲ ಸದ್ದು ಕೇಳುತ್ತ ಬೆಳೆದ ಕಾರಂತರು ಈ ಪುಸ್ತಕಕ್ಕೆ ಕೈ ಹಾಕಿದ್ದು ಆಕಸ್ಮಿಕವಲ್ಲ ಎಂದು 'ಮರಳಿ ಮಣ್ಣಿಗೆ' ಓದಿದವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಮನೆಯ ಹಿಂದೆಯೇ ಕಡಲಿದೆ, ಮನೆಯವರೊಳಗೆ ಒಬ್ಬರ ಹಾಗೆ. ಅದರ ಜೊತೆಗೆ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಇಟ್ಟುಕೊಂಡರೆ ಕಕ್ಕಡ ಕಳೆಯುತ್ತದೆ. ಮೂಡಿಗೆರೆಯ ಕಾಫಿತೋಟದ ಮನುಷ್ಯ ಗಾಳದ ಹುಚ್ಚು ಹೊತ್ತುಕೊಂಡು ಕಡಲಿಗೆ ಹೋಗುವುದು ನಮ್ಮಂಥವರಿಗೆ ಹತ್ತಿರದ ವಿಷಯ. ಘಟ್ಟದ ಮೇಲಿನವರು ಕಡಲು ನೋಡುವ ರೀತಿಯೇ ಬೇರೆ, ನೆಂಟರ ಮನೆಯ ಶ್ರೀಮಂತಿಕೆ ನೋಡಿದ ಹಾಗೆ.

ನೀರೊಳಗೆ ಮಾತಿಲ್ಲ. ಬೆರಳಿನ ಸನ್ನೆಯಲ್ಲಿ 'ಸರಿ', 'ಮೇಲೆ', 'ಗಾಳಿ ಎಷ್ಟಿದೆ' ಎನ್ನಬಹುದು. 'ಅದೋ ನೋಡು, ಅದೇನು?' ಎಂದರೆ ಉತ್ತರ ಸಿಗುವುದಿಲ್ಲ. ಕಂಡದ್ದಕ್ಕೆಲ್ಲ ಹೆಸರು ಸಿಗುವುದು ದಡದಲ್ಲಿ, ತಿಂಗಳುಗಳ ನಂತರ. ನನಗೆ ಕಡಲ ಮೀನುಗಳ ಮೊದಲ ಪರಿಚಯ ಭಾನುವಾರದ ಅಂಗಡಿಯಲ್ಲಿ, ಮಂಗಳೂರಿನಿಂದ ಐಸಿನಲ್ಲಿ ಬಂದ ಬೂತಾಯಿ, ಬಂಗುಡೆ, ಅಂಜಲ್, ತೊರಕೆ. ನೇತ್ರಾಣಿಯ ಬಂಡೆಯ ಪೊಟರೆಯಲ್ಲಿ ದೊಡ್ಡ ಬಾಯಿಯ ಮೀನೊಂದು ಕಣ್ಣು ತಿರುಗಿಸಿ ನೋಡಿದಾಗ 'ಅರೆ, ಮುರು!' ಎಂದುಕೊಂಡೆ. ತಟ್ಟೆಯ ಹೊರಗೆ ಅದನ್ನು ಕಂಡದ್ದು ಅದೇ ಮೊದಲು. ಉಳಿದ ನೂರಾರು ಬಣ್ಣಗಳಿಗೆ ನನ್ನ ಬಾಯಲ್ಲಿ ಹೆಸರೇ ಇರಲಿಲ್ಲ.

ಹೆಸರು ಹುಡುಕುವ ಈ ಕೆಲಸಕ್ಕೆ ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಕಂತುಗಳಲ್ಲಿ ಹೊರತಂದ 'ದ ಫಿಶಸ್ ಆಫ್ ಇಂಡಿಯಾ' ಮಳೆಗಾಲಕ್ಕೆ ಹೇಳಿಮಾಡಿಸಿದ್ದು. ಡೇ ಮದ್ರಾಸು ಸೇನೆಯ ವೈದ್ಯ. ಅವನ ಚಿತ್ರಗಳಲ್ಲಿ ಮೀನುಗಳೆಲ್ಲ ಪಾಸ್‌ಪೋರ್ಟ್ ಫೋಟೋಗೆ ಕೂತವರಂತೆ ಸೆಟೆದುಕೊಂಡಿವೆ, ಬಣ್ಣವಿಲ್ಲ. ಆದರೆ ಒಂದೊಂದು ಮುಳ್ಳೂ ಎಣಿಸಬಹುದು. ಹೆಸರಿಡುವ ಕೆಲಸ ಮುಗಿದೇಹೋಗಿದೆ ಎಂದುಕೊಂಡವರಿಗೆ ನಮ್ಮ ಕಾವೇರಿಯ ಬಿಳಿಮೀನನ್ನು ತೋರಿಸಬೇಕು. ಗೂನುಬೆನ್ನಿನ ಆ ಮಹಶೀರ್‌ಗಾಗಿ ಬ್ರಿಟಿಷರ ಕಾಲದಿಂದ ಲೋಕದ ಗಾಳಗಾರರೆಲ್ಲ ಬಂದರು, ಫೋಟೋ ತೆಗೆಸಿಕೊಂಡರು, ಹೋದರು. ಅದರ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಭೇದವೆಂದು ಪಟ್ಟಿಗೆ ಸೇರಿಸಿದರು. ನಾಮಕರಣವೂ ಐಸಿಯು ಚೀಟಿಯೂ ಒಟ್ಟಿಗೇ ಬಂದಂತಾಯಿತು.

ಸೆಪ್ಟೆಂಬರಿಗೆ, ಕೈಲ್‌ಪೋಳ್ದ್ ಹಬ್ಬ ಕಳೆದು ಬಿಸಿಲು ಇಣುಕತೊಡಗಿದಾಗ, ನಾನು ಓದಿನಲ್ಲೇ ಕಾವೇರಿ ಹೊಳೆಯ ಜೊತೆ ಕೆಳಗಿಳಿಯುತ್ತೇನೆ. ತಲಕಾವೇರಿಯ ಆ ಪುಟ್ಟ ಕುಂಡಿಕೆಯ ನೀರು ಕಡಲು ಸೇರುವುದು ತಮಿಳುನಾಡಿನ ಪೂಂಪುಹಾರ್‌ನಲ್ಲಿ. ಒಂದು ಕಾಲಕ್ಕೆ ಚೋಳರ ಬಂದರು. 'ಶಿಲಪ್ಪದಿಕಾರಂ'ನ ಕಣ್ಣಗಿಯ ಊರು. ಆ ಪಟ್ಟಣವನ್ನು ಕಡಲು ನುಂಗಿತೆಂದು 'ಮಣಿಮೇಕಲೈ' ಹೇಳುತ್ತದೆ. ಅದನ್ನು ನಂಬಿ ನೀರಿಗಿಳಿದವರಲ್ಲಿ ಮೊದಲಿಗರು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು, ಅವರ ಮುಂದಾಳು ನಮ್ಮ ಮಲೆನಾಡಿನ ಆನಂದಪುರದ ಎಸ್.ಆರ್. ರಾವ್. ಲೋಥಲ್ ಅಗೆದ ಶಿಕಾರಿಪುರ ರಂಗನಾಥ ರಾವ್ ಅರವತ್ತರ ವಯಸ್ಸಿನಲ್ಲಿ ಭಾರತಕ್ಕೆ ಕಡಲಡಿಯ ಪುರಾತತ್ವ ಕಲಿಸಿದರು. ದ್ವಾರಕೆಯ ಬಗ್ಗೆ ಅವರು ಬರೆದ 'ದ ಲಾಸ್ಟ್ ಸಿಟಿ ಆಫ್ ದ್ವಾರಕಾ' (1999) ಓದಲು ಸುಲಭವಲ್ಲ. ಲಂಗರಿನ ಕಲ್ಲುಗಳ ಅಳತೆ, ಗೋಡೆಯ ಅಳತೆ, ಮತ್ತೆ ಕಲ್ಲು. ಅವರ ಕಾಲನಿರ್ಣಯಗಳನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನಗೆ ಆ ಪುಸ್ತಕ ಹಿಡಿಸುವುದು ಬೇರೆ ಕಾರಣಕ್ಕೆ. ಕೈ ಚಾಚಿದರೆ ಬೆರಳು ಕಾಣದ ನೀರಿನಲ್ಲಿ ಟೇಪು ಹಿಡಿದು ಅಳೆಯುವುದು ಎಂಥ ಕೆಲಸವೆಂದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು.

ಪೂಂಪುಹಾರ್‌ನಿಂದ ಐದು ಕಿಲೋಮೀಟರ್ ಒಳಗೆ, 23 ಮೀಟರ್ ಆಳದಲ್ಲಿ, ಕುದುರೆ ಲಾಳದಾಕಾರದ ರಚನೆಯೊಂದನ್ನು ರಾವ್ ಅವರ ತಂಡದವರು 1990ರ ದಶಕದ ಆರಂಭದಲ್ಲಿ ಕಂಡರು. ಅದನ್ನೇ ಹಿಡಿದುಕೊಂಡು ಗ್ರಹಾಂ ಹ್ಯಾನ್‌ಕಾಕ್ ಎಂಬ ಬ್ರಿಟಿಷ್ ಪತ್ರಕರ್ತ ಅಲ್ಲಿಗೆ ಬಂದು ಡೈವ್ ಮಾಡಿ, 'ಅಂಡರ್‌ವರ್ಲ್ಡ್' (2002) ಎಂಬ ಹೆಬ್ಬೊತ್ತಗೆ ಬರೆದ. ಹಿಮಯುಗದಲ್ಲೇ ಮುಳುಗಿದ ನಾಗರಿಕತೆ ಇತ್ತೆಂಬುದು ಅವನ ವಾದ. ಪುರಾತತ್ವದವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೂ ಓದಿದೆ, ರಾತ್ರಿ ಎರಡು ಗಂಟೆಯವರೆಗೆ. ಕಡಲ ನಿಧಿಯ ವಿಷಯದಲ್ಲಿ ನಂಬಿಕೆಗೆ ಅರ್ಹವಾದದ್ದು ಬೇಕೆಂದರೆ ಆರ್ಥರ್ ಸಿ. ಕ್ಲಾರ್ಕ್ ಇದ್ದಾನೆ. ಡೈವಿಂಗಿಗಾಗಿಯೇ ಶ್ರೀಲಂಕಾಕ್ಕೆ ಬಂದು ನೆಲೆಸಿದ ಆ ವಿಜ್ಞಾನ ಕಾದಂಬರಿಕಾರ 'ದ ಟ್ರೆಷರ್ ಆಫ್ ದ ಗ್ರೇಟ್ ರೀಫ್' (1964)ನಲ್ಲಿ ಹೇಳುವುದು ಮುಳುಗಿದ ಹಡಗಿನಲ್ಲಿ ಗೆಳೆಯರಿಗೆ ಸಿಕ್ಕಿದ ಬೆಳ್ಳಿ ರೂಪಾಯಿಗಳ ಕತೆ. ಔರಂಗಜೇಬನ ಕಾಲದ, ಸೂರತ್ತಿನ ಟಂಕಸಾಲೆಯ ನಾಣ್ಯಗಳು, ಹವಳದಲ್ಲಿ ಗಟ್ಟಿಕಟ್ಟಿ ಗಡ್ಡೆಗಡ್ಡೆಯಾಗಿ ಬಂದವು.

ತುಲಾ ಸಂಕ್ರಮಣ ಅಕ್ಟೋಬರ್ 17ರ ಆಸುಪಾಸಿಗೆ ಬರುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವ, ನೂಕುನುಗ್ಗಲು, ಬಿಂದಿಗೆ-ಬಾಟಲಿಗಳಲ್ಲಿ ನೀರು. ನಾವೂ ಒಂದು ಬಾಟಲಿ ತರುತ್ತೇವೆ. ಹೆಚ್ಚುಕಡಿಮೆ ಅದೇ ವಾರ ಮುರ್ಡೇಶ್ವರದಿಂದ ಫೋನು ಬರುತ್ತದೆ: ನೀರು ತಿಳಿಯಾಗಿದೆ, ದೋಣಿ ಹೊರಟಿದೆ. ಪುಸ್ತಕಗಳನ್ನು ಬಿಸಿಲಿಗೆ ಹರವಿ, ಹುಳು ಕೊಡವಿ ಕಪಾಟಿಗೆ ಸೇರಿಸುತ್ತೇನೆ. ಮೊಳೆಯಿಂದ ಸೀರೆ ತೆಗೆಯುತ್ತೇನೆ.

ಹೋದ ವರ್ಷ ದೋಣಿ ನೇತ್ರಾಣಿ ಮುಟ್ಟುವ ಮೊದಲು ವೆಟ್‌ಸೂಟಿನ ಜಿಪ್ ಏರಿಸುತ್ತಿದ್ದೆ. ಪಕ್ಕದಲ್ಲಿದ್ದ ಬೆಂಗಳೂರಿನ ಹುಡುಗ ಮೂಗರಳಿಸಿ ಅತ್ತಿತ್ತ ನೋಡಿದ. 'ಯಾರಾದ್ರೂ ಊಟ ತಂದಿದ್ದೀರಾ? ಹೊಗೆ ಹಾಕಿದ ಪಂದಿ ವಾಸನೆ ಬರ್ತಿದೆಯಲ್ಲ!' ನಾನು ಮಾಸ್ಕ್ ಏರಿಸಿಕೊಂಡು ನೀರಿಗೆ ಬಿದ್ದೆ.